ಹೊಸ ಚರ್ಮ ಹೊಲಿದವರು

ಪ್ರೀತಿಯ ಅಜ್ಜಿ,

ಗೌರಿ ಹಬ್ಬದ ದಿನ ಕಜ್ಜಾಯದ ಎಣ್ಣೆ ಸಿಡಿದು ನಿನ್ನ ಕೈಗೆ ಬೊಬ್ಬೆ ಎದ್ದಿದೆ ಎಂದು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೊನ್ನೆ ಫೋನಿನಲ್ಲಿ ನೀನೇ ಹೇಳಿದೆ, 'ಎಳೆಗೂಸಿನ ಹಾಗೆ ಬಂದಿದೆ ಕಣೇ ಚರ್ಮ. ಈ ಮುದುಕಿಗೆ ಇದನ್ನು ಹೊಲಿದುಕೊಟ್ಟವರು ಯಾರು?' ನಾನು ಓದುತ್ತಿರುವುದೇ ಅದನ್ನು, ಅಜ್ಜಿ. ಫೋನಿನಲ್ಲಿ ಹೇಳಿ ಮುಗಿಸುವಂಥದಲ್ಲವಾಗಿ ಬರೆಯುತ್ತಿದ್ದೇನೆ.

ಹೊರಚರ್ಮದ ತಳದಲ್ಲಿ, ರೋಮದ ಬುಡದಲ್ಲಿ ಆಕರಕೋಶಗಳಿರುತ್ತವೆ. ಅವು ಒಡೆದು ಎರಡಾಗುತ್ತವೆ. ಕೆಲವು ಅಲ್ಲೇ ಉಳಿಯುತ್ತವೆ, ಕೆಲವು ತಳ ಬಿಟ್ಟು ಮೇಲೇರುತ್ತವೆ. ಏರುತ್ತ ಏರುತ್ತ ಚಪ್ಪಟೆಯಾಗಿ, ಗಟ್ಟಿಯಾಗಿ, ಸತ್ತು, ಮೈ ಕಾಯುವ ಪದರವಾಗಿ, ಕೊನೆಗೆ ಉದುರುತ್ತವೆ. ಒಂದು ಒಂದೂವರೆ ತಿಂಗಳ ದಾರಿ. ಎಣ್ಣೆನೀರು ಹಾಕಿ ನೀನು ನನ್ನ ಬೆನ್ನುಜ್ಜುವಾಗ ಸುರುಳಿ ಸುರುಳಿಯಾಗಿ ಬರುತ್ತಿದ್ದ ಕೊಳೆಯಲ್ಲಿ ಅವೂ ಇದ್ದವು.

ಕೋಶ ಹುಟ್ಟುವುದಕ್ಕಿಂತ ಅದು ಒಡೆಯುವುದನ್ನು ನಿಲ್ಲಿಸುವುದೇ ನನಗೆ ದೊಡ್ಡ ಬೆರಗು. ತಳದ ಕೋಶಗಳಲ್ಲಿ ಪಿ63 ಎಂಬ ಪ್ರೋಟೀನಿದೆ. ಒಡೆಯುವ ಶಕ್ತಿ ಬತ್ತದಂತೆ ನೋಡಿಕೊಳ್ಳುವುದು ಅದು. ಅದನ್ನು ತಯಾರಿಸಲು ಜೀನಿನಿಂದ ಒಂದು ಚೀಟಿ ಹೊರಡುತ್ತದೆ ಅಂದುಕೋ, ಮದುವೆಮನೆಯಲ್ಲಿ ನೀನು ಅಡುಗೆಯವರಿಗೆ ಕಳಿಸುತ್ತಿದ್ದೆಯಲ್ಲ, ಇಷ್ಟು ಲಾಡು, ಇಷ್ಟು ಚಿರೋಟಿ ಎಂದು, ಹಾಗೆ. ಕೋಶ ತಳ ಬಿಟ್ಟು ಮೇಲೇರುವಾಗ ಅದರೊಳಗೆ ಮಿರ್-203 ಎಂಬ ಮೈಕ್ರೋಆರ್‌ಎನ್‌ಎ ಹೆಚ್ಚುತ್ತದೆ. ಸುಮಾರು 22 ಅಕ್ಷರಗಳ ಆರ್‌ಎನ್‌ಎ ತುಣುಕು ಅದು. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಪಿ63ರ ಚೀಟಿಗೆ ಅಂಟಿಕೊಂಡು ಅಡುಗೆಯಾಗದಂತೆ ತಡೆಯುತ್ತದೆ.

2008ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರೂಯಿ ಯಿ, ಎಲೇನ್ ಫ್ಯೂಕ್ಸ್ ಮತ್ತು ಜೊತೆಗಾರರು ಇದನ್ನು ಇಲಿಗಳಲ್ಲಿ ತೋರಿಸಿದರು. ತಳದ ಕೋಶಗಳಲ್ಲೇ 203ನ್ನು ಹೊತ್ತಿಗೆ ಮುಂಚೆ ಹುಟ್ಟಿಸಿದರೆ ಚರ್ಮ ತೆಳ್ಳಗಾಯಿತು. ಅದನ್ನು ಅಡಗಿಸಿದರೆ ಮೇಲೇರಿದ ಕೋಶಗಳೂ ಒಡೆಯುತ್ತಲೇ ಇದ್ದವು. ಇಂಥ ತುಣುಕು ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಆ ಕೆಲಸಕ್ಕೆ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಇಬ್ಬರಿಗೂ 2024ರ ನೊಬೆಲ್ ಬಂತು. ನಿನ್ನ ಕೈಗೂ ಆ ಹುಳುವಿಗೂ ನಂಟಿದೆ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಗಾಯದ ಮಾತು. ಇಲಿಗಳಲ್ಲಿ ನೋಡಿದಂತೆ, ಗಾಯದ ಅಂಚಿನ ಕೋಶಗಳಲ್ಲಿ 203 ಇಳಿದುಬಿಡುತ್ತದೆ. ತಡೆಯುವವರಿಲ್ಲದೆ ಕೋಶಗಳು ಒಡೆದು, ಜರುಗಿ, ಬರಿದಾದ ಜಾಗ ತುಂಬುತ್ತವೆ. ಗಾಯ ಕೂಡಿದ ಮೇಲೆ ಅದು ಮರಳಿ ಬರುತ್ತದೆ. ನಿನ್ನ ಕೈಯಲ್ಲೂ ಹೀಗೇ ನಡೆದಿರಬೇಕು ಎಂದು ನನ್ನ ನಂಬಿಕೆ. ನೀನು ನೋವು ತಡೆಯಲಾರದೆ ರಾತ್ರಿಯೆಲ್ಲ ಎದ್ದು ಕೂತಿರುತ್ತಿದ್ದಾಗ, ನಾನು ಹತ್ತಿರವಿಲ್ಲದಾಗ, ಆ ಕೋಶಗಳು ಕೆಲಸ ಮಾಡುತ್ತಿದ್ದವು.

ಆ ಚರ್ಮ ಇನ್ನೂ ಎಳೆಯದು. ಹಪ್ಪಳ ಒಣಗಿಸಲು ಬಿಸಿಲಿಗೆ ಹೋದರೆ ಸೆರಗು ಹೊದ್ದುಕೋ. ದೀಪಾವಳಿಗೆ ಬರುತ್ತೇನೆ, ಆ ಜಾಗವನ್ನು ಮುಟ್ಟಿ ನೋಡಬೇಕು. ಕಜ್ಜಾಯ ನೀನು ತಟ್ಟಿಕೊಡು, ಬಾಣಲೆ ಮುಂದೆ ನಾನು ಕೂರುತ್ತೇನೆ.

ನಿನ್ನ ಮೊಮ್ಮಗಳು