ತಡಮೆ ತೆಗೆದಿಟ್ಟ ಅಂಗಳ



ಹಳೆ ವಿದ್ಯಾರ್ಥಿಗಳ ಸಮ್ಮಿಲನಕ್ಕೆಂದು ನಿಮ್ಮ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಇವನ್ನೆಲ್ಲ ಕಲೆಹಾಕಿ ನನ್ನ ಗಣಕಯಂತ್ರದಲ್ಲಿ ಇರಿಸಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಪಟ್ಟಿಯ ಕುರಿತು ನಿಮ್ಮೆದುರು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2024ರ ಡಿಸೆಂಬರಿನಿಂದ 2025ರ ನವರಾತ್ರಿಯವರೆಗೆ, ಹತ್ತು ತಿಂಗಳ ಕಾಲ, ನಾನು ಅದನ್ನು ಬೀದಿಗೆ ತೆರೆದುಕೊಂಡ ಅಂಗಳದಲ್ಲಿ ಇರಿಸಿದ್ದೆ.

ನಡೆದದ್ದಿಷ್ಟು. ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದ ಪ್ರಿಂಟರಿನಿಂದ ನನ್ನಾಕೆಯ ಲ್ಯಾಪ್‌ಟಾಪ್ ಕೂಡ ಮುದ್ರಿಸುವಂತಾಗಬೇಕೆಂಬುದು ನಮ್ಮ ಬಯಕೆ. ಎರಡು ದಿನ ಹೆಣಗಾಡಿ ಸೋತು, ಅಂಗಡಿಯೊಂದರಿಂದ ಹುಡುಗನೊಬ್ಬನನ್ನು ಕರೆಸಿದೆ. ಆತ ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿದ. ಪ್ರಿಂಟರು ಕಾಗದ ಹೊರಹಾಕಿತು. ನಾನು ಚಹಾ ಕೊಟ್ಟು ಕಳುಹಿಸಿದೆ. ಅಂದಿನಿಂದ ಪರದೆಯ ಕೆಳಮೂಲೆಯ ಗುರಾಣಿಯ ಚಿತ್ರದ ಮೇಲೆ ಕೆಂಪು ಗುರುತೊಂದು ಕಾಣತೊಡಗಿತು. ಉತ್ತರಪತ್ರಿಕೆಗಳ ಮೇಲೆ ಮೂವತ್ತು ವರ್ಷ ಕೆಂಪು ಗುರುತು ಹಾಕಿದವನಿಗೆ ತನ್ನ ಮೇಲೆ ಬಿದ್ದ ಗುರುತು ಕಾಣಿಸಲಿಲ್ಲ!

ಮೇ ತಿಂಗಳಲ್ಲಿ ಬೆಂಗಳೂರಿಗೆ ಹೊರಟಾಗ ರಾತ್ರಿಯ ರೈಲು ತಡವಾಗಿತ್ತು. ಮಂಗಳೂರು ಸೆಂಟ್ರಲ್ ನಿಲ್ದಾಣದ ಉಚಿತ ವೈಫೈಗೆ ಅದೇ ಲ್ಯಾಪ್‌ಟಾಪನ್ನು ಜೋಡಿಸಿ, ಪಿಂಚಣಿ ಜಮೆಯಾಗಿದೆಯೇ ಎಂದು ನೋಡುತ್ತ ಒಂದು ಗಂಟೆ ಕುಳಿತಿದ್ದೆ.

ಕುದ್ರೋಳಿಯ ದಸರಾ ನೋಡಲು ಊರಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಗಣಕದ ಉದ್ಯೋಗದವನು. ಸಮ್ಮಿಲನದ ಛಾಯಾಚಿತ್ರ ತೋರಿಸಲೆಂದು ಯಂತ್ರ ತೆರೆದೆ. ಆತ ಚಿತ್ರ ನೋಡುವುದನ್ನು ಬಿಟ್ಟು ಮೂಲೆಯನ್ನೇ ನೋಡಿದ.

"ಸರ್, ಇದು ಯಾವಾಗಿನಿಂದ ಆಫ್ ಉಂಟು?"

ಹುಡುಗ ಪ್ರಿಂಟರಿಗಾಗಿ ಫೈರ್‌ವಾಲನ್ನೇ ಪೂರ್ತಿಯಾಗಿ ಆರಿಸಿದ್ದ. ಅಷ್ಟೇ ಆಗಿದ್ದರೆ ಒಂದು ಮಾತು. ನಿಮ್ಮ ಪಟ್ಟಿಯಿದ್ದ ಕಡತಕೋಶವನ್ನು ಗುಪ್ತಪದವಿಲ್ಲದೆ ಹಂಚಿಕೊಳ್ಳುವಂತೆಯೂ ಮಾಡಿಟ್ಟಿದ್ದ. ಅಂದರೆ ನಿಲ್ದಾಣದಲ್ಲಿ ಅದೇ ಜಾಲದಲ್ಲಿದ್ದ ಯಾರಾದರೂ, ಮನಸ್ಸು ಮಾಡಿದ್ದರೆ, ಅದನ್ನು ತೆರೆದು ಓದುವ ಸಾಧ್ಯತೆಯಿತ್ತು. ಯಾರಾದರೂ ಓದಿದರೋ ಇಲ್ಲವೋ, ಈಗ ತಿಳಿಯುವ ದಾರಿಯಿಲ್ಲ.

ಫೈರ್‌ವಾಲ್ ಎಂದರೆ ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಬ್ಬದಂತೆ ಕಟ್ಟುವ ಗೋಡೆ. ಆದರೆ ಗಣಕದೊಳಗಿನದಕ್ಕೆ ಈ ಹೆಸರು ಅಷ್ಟೇನೂ ಒಪ್ಪುವುದಿಲ್ಲವೆಂದು ನನ್ನ ಅಭಿಪ್ರಾಯ. ಗೋಡೆಯಾದರೆ ಯಾರನ್ನೂ ಬಿಡುವುದಿಲ್ಲ. ನಮ್ಮ ತೋಟದ ಬೇಲಿಯ ತಡಮೆ ಇದಕ್ಕಿಂತ ಹತ್ತಿರದ ಹೋಲಿಕೆ. ಮನುಷ್ಯ ದಾಟಿ ಬರಬಲ್ಲ, ದನ ಬರಲಾರದು. ಫೈರ್‌ವಾಲೂ ಹಾಗೆಯೇ: ನಾವು ಕೇಳಿ ತರಿಸಿದ್ದನ್ನು ಒಳಗೆ ಬಿಡುತ್ತದೆ, ಕೇಳದೆ ಬಂದು ಬಾಗಿಲು ತಟ್ಟುವುದನ್ನು ತಡೆಯುತ್ತದೆ. ಅಂಗಡಿಯ ಹುಡುಗ ಮಾಡಿದ್ದು, ಮಜ್ಜಿಗೆಗೆ ಬರುವ ನೆರೆಮನೆಯ ಹೆಂಗಸಿಗೆ ಅನುಕೂಲವಾಗಲೆಂದು ತಡಮೆಯನ್ನೇ ಕಿತ್ತು ಬದಿಗಿಟ್ಟ ಕೆಲಸ.

ತಿಳಿಯದೆ ಮಾಡಿದ್ದೆ ಎನ್ನಲು ನನಗೆ ಬಾಯಿಯೂ ಇಲ್ಲ. 2003ರ ಆಗಸ್ಟಿನಲ್ಲಿ ನಮ್ಮ ಮನೆಯ ಎಕ್ಸ್‌ಪಿ ಗಣಕ, ಅಂತರಜಾಲಕ್ಕೆ ಜೋಡಿಸಿದೊಡನೆ, ಅರುವತ್ತು ಸೆಕೆಂಡುಗಳನ್ನು ಎಣಿಸಿ ತಾನಾಗಿ ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಜಗತ್ತಿನೆಲ್ಲೆಡೆ ಹಬ್ಬಿದ ಬ್ಲಾಸ್ಟರ್ ಎಂಬ ಹುಳು ಅದು. ಯಾವ ಮಿಂಚಂಚೆಯನ್ನೂ ತೆರೆಯಬೇಕಿರಲಿಲ್ಲ, ಜಾಲದಲ್ಲಿದ್ದರೆ ಸಾಕಿತ್ತು. ಅದಕ್ಕೆ ಮದ್ದು ಜುಲೈ ತಿಂಗಳಲ್ಲೇ ಬಂದಿತ್ತು. ಫೈರ್‌ವಾಲ್ ಕೂಡ ಆ ಎಕ್ಸ್‌ಪಿಯೊಳಗೇ ಇತ್ತು, ಆದರೆ ಆರಿಸಿಟ್ಟ ಸ್ಥಿತಿಯಲ್ಲಿ! 2004ರ ಆಗಸ್ಟಿನಲ್ಲಿ ಎರಡನೆಯ ಸರ್ವಿಸ್ ಪ್ಯಾಕ್ ಬಂದ ಮೇಲೆಯೇ ಅದು ತಾನಾಗಿ ಚಾಲೂ ಇರುವ ಪದ್ಧತಿ ಬಂತು. ಇಷ್ಟನ್ನು ಅನುಭವಿಸಿಯೂ ಇಪ್ಪತ್ತೊಂದು ವರ್ಷಗಳ ನಂತರ ಮತ್ತೆ ಅದೇ ಸ್ಥಿತಿಗೆ ಬಂದು ನಿಂತೆ.

ಶಿಷ್ಯ ನನ್ನನ್ನೇ ಕುಳ್ಳಿರಿಸಿ ಸರಿಪಡಿಸಿದ. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ, ಅದರಲ್ಲಿ ಫೈರ್‌ವಾಲ್ ಆ್ಯಂಡ್ ನೆಟ್‌ವರ್ಕ್ ಪ್ರೊಟೆಕ್ಷನ್ ತೆರೆದರೆ ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂದು ಮೂರು ಸಾಲುಗಳಿವೆ. ಮೂರನ್ನೂ ಚಾಲೂ ಮಾಡಿದೆ. (ಬೇರೆ ಆ್ಯಂಟಿವೈರಸ್ ಹಾಕಿಕೊಂಡವರಲ್ಲಿ ಅದೇ ಈ ಕೆಲಸವನ್ನು ವಹಿಸಿಕೊಂಡಿರಬಹುದು, ಆಗ ಅದರ ಹೆಸರು ಅಲ್ಲಿ ಕಾಣುತ್ತದೆ, ಗಾಬರಿ ಬೇಡ.) ಪ್ರಿಂಟರಿನ ಮೂಲದೋಷ ಬೇರೆಯೇ ಆಗಿತ್ತು. ನಮ್ಮ ಮನೆಯ ವೈಫೈಯನ್ನು ಗಣಕವು ಪಬ್ಲಿಕ್, ಅಂದರೆ ಸಂತೆಬೀದಿಯೆಂದು ತಿಳಿದುಕೊಂಡಿತ್ತು. ಸೆಟ್ಟಿಂಗ್ಸ್‌ನಲ್ಲಿ ಮನೆಯ ಜಾಲವನ್ನು ಪ್ರೈವೇಟ್ ಎಂದು ಬದಲಾಯಿಸಿ, ಫೈರ್‌ವಾಲ್ ಮೂಲಕ ಬಿಡಬೇಕಾದವುಗಳ ಪಟ್ಟಿಯಲ್ಲಿ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎಂಬುದಕ್ಕೆ ಪ್ರೈವೇಟ್ ಅಂಕಣದಲ್ಲಿ ಮಾತ್ರ ಗುರುತು ಹಾಕಿದೆವು. ಪ್ರಿಂಟರು ಕಾಗದ ಹೊರಹಾಕಿತು, ತಡಮೆಯೂ ಇದ್ದಲ್ಲೇ ಇತ್ತು.

"ಪರೀಕ್ಷಿಸಲಿಕ್ಕೆ ಆರಿಸಲೇಬೇಕಾದರೆ?" ಎಂದೆ. ಮನೆಯ ಜಾಲದಲ್ಲಿರುವಾಗ ಪ್ರೈವೇಟ್ ಒಂದನ್ನೇ ಆರಿಸಿ, ನೋಡಬೇಕಾದ್ದನ್ನು ನೋಡಿ, ಕುರ್ಚಿಯಿಂದ ಏಳುವ ಮೊದಲೇ ಮತ್ತೆ ಚಾಲೂ ಮಾಡಬೇಕೆಂದ. ನನ್ನ ಮರೆವನ್ನು ಬಲ್ಲ ನಾನು, ಆರಿಸಿದೊಡನೆ ಕೀಲಿಮಣೆಯ ಮೇಲೆ ಒಂದು ಚೀಟಿ ಇಡುವ ನಿಯಮ ಮಾಡಿಕೊಂಡಿದ್ದೇನೆ. ಅದನ್ನು ಎತ್ತದೆ ಏನನ್ನೂ ಬರೆಯಲಾಗದು.

ನನ್ನ ವಯಸ್ಸಿನ ಬಂಧುಗಳಿಗೆ ಇನ್ನೊಂದು ಮಾತು. ನಿಮ್ಮ ಗಣಕಕ್ಕೆ ವೈರಸ್ ತಗಲಿದೆ, ಫೈರ್‌ವಾಲ್ ಆರಿಸಿ, ನಾವು ಹೇಳುವ ತಂತ್ರಾಂಶ ಹಾಕಿಕೊಳ್ಳಿ ಎಂದು ಯಾರಾದರೂ ಕರೆ ಮಾಡಿದರೆ ಮರುಮಾತಿಲ್ಲದೆ ಫೋನ್ ಇಟ್ಟುಬಿಡಿ. ನಾವೇ ಕೈಹಿಡಿದು ಒಳಗೆ ಕರೆತಂದವನನ್ನು ಯಾವ ಫೈರ್‌ವಾಲೂ ತಡೆಯದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಪಟ್ಟಿಯನ್ನು ಈಗ ಹಂಚಿಕೆಯ ಕಡತಕೋಶದಿಂದ ತೆಗೆದು, ಗುಪ್ತಪದ ಹಾಕಿ ಪೆನ್‌ಡ್ರೈವ್ ಒಂದರಲ್ಲಿ ಕಪಾಟಿನೊಳಗೆ ಇರಿಸಿದ್ದೇನೆ. ಆ ಹತ್ತು ತಿಂಗಳುಗಳಲ್ಲಾಗಲಿ ಆಮೇಲಾಗಲಿ, ನಿಮ್ಮ ಶಾಲೆಯ ಹೆಸರನ್ನೋ ಎಸ್ಸೆಸ್ಸೆಲ್ಸಿ ವರ್ಷವನ್ನೋ ಹೇಳಿ ಅಪರಿಚಿತರಾರಾದರೂ ನಿಮಗೆ ಕರೆ ಮಾಡಿದ್ದುಂಟೆ? ಉಂಟಾದರೆ ದಯವಿಟ್ಟು ಸಂಕೋಚಪಡದೆ ನನಗೆ ತಿಳಿಸಿ.