ಅಕ್ಕಿಪೇಟೆಯ ಮಗ್ಗುಲಲ್ಲಿ ತಂತಿಯ ಪಾಠ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಯ ಹೆಸರು ಕೇಳಿದರೆ ಸಾಕು, ಅಲ್ಲಿನ ಕಸುಬು ತಿಳಿಯುತ್ತಿತ್ತು. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಈಗ ಹೆಸರು ಉಳಿದಿದೆ, ಸರಕು ಬದಲಾಗಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದೋ, 2017ರ ಜೂನ್‌ನಲ್ಲಿ ಆರಂಭವಾದ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದೋ ಅಕ್ಕಿಪೇಟೆಯತ್ತ ಕಾಲು ಹಾಕಿದರೆ ಅಕ್ಕಿ ಮೂಟೆಗಳಿಗಿಂತ ರಟ್ಟಿನ ಪೆಟ್ಟಿಗೆಗಳೇ ಹೆಚ್ಚಾಗಿ ಎದುರಾಗುತ್ತವೆ. ಲಗೇಜ್ ಆಟೊಗಳ ಹಾರನ್ನು, ಹೊರೆ ಹೊತ್ತವರ ‘ದಾರಿ ಬಿಡಿ’ ಎಂಬ ಕೂಗು, ಎಲ್ಲಿಂದಲೋ ಗಂಟೆಯ ಸದ್ದು. ಒಂದು ಸ್ವರವನ್ನು ಕಿವಿಗೊಟ್ಟು ಕೇಳಲು ಇದಕ್ಕಿಂತ ಕಷ್ಟದ ಜಾಗ ಸಿಗಲಾರದು.

ಆದರೂ ನಾದವನ್ನು ಅರಸುವವರು ಬರುವುದು ಇಲ್ಲಿಗೇ. ಅಕ್ಕಿಪೇಟೆಗೆ ಅಂಟಿಕೊಂಡಂತಿರುವ ಬಳೇಪೇಟೆ ವಾದ್ಯದ ಅಂಗಡಿಗಳಿಗೆ ಹೆಸರುವಾಸಿ. ವೀಣೆ, ತಬಲ, ಮೃದಂಗ, ಹಾರ್ಮೋನಿಯಂಗಳ ನಡುವೆ ಪಿಟೀಲೂ ತೂಗುತ್ತಿರುತ್ತದೆ. ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳು ಹತ್ತಿರ ಬಂದಾಗ ಮಕ್ಕಳ ಕೈಹಿಡಿದು ಬರುವ ತಂದೆತಾಯಿಯರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಬೇರೆ ಕಂಪನಿಯ ತಂತಿ ಹಾಕಿಸಿದರೆ ನಾದ ಸುಧಾರಿಸುತ್ತದೆಯೇ, ಇಲ್ಲ ಹೊಸ ಪಿಟೀಲೇ ಕೊಳ್ಳಬೇಕೆ?’ ಮಧ್ಯಮ ವರ್ಗದ ಮನೆಗೆ ಇದು ಚಿಕ್ಕ ಪ್ರಶ್ನೆಯಲ್ಲ. ಇದರ ಉತ್ತರ ಭೌತಶಾಸ್ತ್ರದ ಪಾಠದಲ್ಲಿದೆ.

ಶ್ರುತಿ ಒಂದೇ, ನಾದ ಬೇರೆ

ಎಳೆದು ಕಟ್ಟಿದ ತಂತಿಯ ನಿಯಮಗಳನ್ನು ಫ್ರಾನ್ಸಿನ ಮೆರ್ಸೆನ್ 1636ರಲ್ಲೇ ಪ್ರಕಟಿಸಿದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೊನೋಮೀಟರ್ ಬಳಸಿದ ವಿದ್ಯಾರ್ಥಿಗಳಿಗೆ ಇವು ಪರಿಚಿತ. ತಂತಿಯ ಉದ್ದ ಕಡಿಮೆಯಾದರೆ ಕಂಪನಸಂಖ್ಯೆ ಹೆಚ್ಚುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನಸಂಖ್ಯೆ ಎರಡು ಪಟ್ಟಾಗುತ್ತದೆ. ತಂತಿ ಭಾರವಾದಷ್ಟೂ ಸ್ವರ ತಗ್ಗುತ್ತದೆ. ಪಿಟೀಲಿನಲ್ಲಿ ಮಿಡಿಯುವ ಭಾಗದ ಉದ್ದ ಸುಮಾರು 33 ಸೆಂಟಿಮೀಟರ್. ನಾಲ್ಕೂ ತಂತಿಗಳ ಒಟ್ಟು ಎಳೆತ ಸುಮಾರು 20ರಿಂದ 25 ಕಿಲೋಗ್ರಾಂ ತೂಕಕ್ಕೆ ಸಮ. ಅಂಗೈಯಗಲದ ಆ ಮರದ ಪೆಟ್ಟಿಗೆ ಒಂದು ಅಕ್ಕಿ ಚೀಲದ ಭಾರವನ್ನು ತಡೆದುಕೊಂಡಿರುತ್ತದೆ!

ಹಾಗಾದರೆ ಎರಡು ಕಂಪನಿಗಳ ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿದಾಗ ಬದಲಾಗುವುದು ಏನು? ಕಂಪನಸಂಖ್ಯೆ ಬದಲಾಗದು, ಸ್ವರದ ಗುಣ ಬದಲಾಗುತ್ತದೆ. 220 ಕಂಪನಗಳ ಸ್ವರವನ್ನು ಕಮಾನಿನಿಂದ ಎಳೆದಾಗ ಅದರ ಜೊತೆಗೆ 440, 660, 880 ಹೀಗೆ ಉಪಸ್ವರಗಳ ಒಂದು ಸಾಲೇ ಹೊರಡುತ್ತದೆ. ಇವೇ ಹಾರ್ಮಾನಿಕ್‌ಗಳು. ಇವುಗಳಲ್ಲಿ ಯಾವುದು ಎಷ್ಟು ಜೋರು, ಯಾವುದು ಬೇಗ ಆರಿಹೋಗುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ತಂತಿಯ ಒಡಲಿಗೂ ಪಾಲಿದೆ.

ಕರುಳು, ಉಕ್ಕು, ನೈಲಾನ್

ಮೊದಲು ಪಿಟೀಲಿಗೆ ಕಟ್ಟುತ್ತಿದ್ದುದು ಕುರಿಯ ಕರುಳಿನಿಂದ ಹೊಸೆದ ತಂತಿ. ಮೃದುವಾದ, ತುಂಬಿದ ನಾದ ಅದರದು. ಆದರೆ ಹವೆಯ ತೇವವನ್ನು ಹೀರಿ ಶ್ರುತಿ ಬಿಡುವುದು ಅದರ ದೋಷ. ಉಕ್ಕಿನ ತಂತಿ ಶ್ರುತಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದರೊಳಗೆ ಕಂಪನದ ಶಕ್ತಿ ಕಡಿಮೆ ಪೋಲಾಗುವುದರಿಂದ ಮೇಲಿನ ಹಾರ್ಮಾನಿಕ್‌ಗಳು ಆರದೆ ಉಳಿದು ನಾದ ಚುರುಕಾಗಿ, ಕೆಲವೊಮ್ಮೆ ಕರ್ಕಶವಾಗಿ ಕೇಳಿಸುತ್ತದೆ. ವಿಯೆನ್ನಾದ ಥೊಮಾಸ್ಟಿಕ್ ಕಂಪನಿ 1970ರಲ್ಲಿ ನೈಲಾನ್ ಜಾತಿಯ ಎಳೆಯ ಮೇಲೆ ಲೋಹ ಸುತ್ತಿದ ‘ಡಾಮಿನೆಂಟ್’ ತಂತಿಯನ್ನು ತಂದು ಇವೆರಡರ ನಡುವಿನ ದಾರಿ ತೋರಿಸಿತು. ಜರ್ಮನಿಯ ಪಿರಾಸ್ಟ್ರೊ ಕಂಪನಿ ಕರುಳಿನ ‘ಯುಡಾಕ್ಸ’, ಉಕ್ಕಿನ ‘ಕ್ರೋಮ್‌ಕೋರ್’, ಕೃತಕ ಎಳೆಯ ‘ಟೋನಿಕಾ’ ಈ ಮೂರನ್ನೂ ತಯಾರಿಸುತ್ತದೆ. ಹಾಗಾಗಿ ಲಕೋಟೆಯ ಮೇಲಿನ ಕಂಪನಿಯ ಹೆಸರಿಗಿಂತ ಒಳಗಿನ ಎಳೆ ಯಾವುದು ಎಂದು ಕೇಳುವುದೇ ಜಾಣತನ.

ನಮ್ಮ ಸಂಗೀತದ ಲೆಕ್ಕ

ವಿದೇಶಿ ತಂತಿಗಳನ್ನು ಸಾಮಾನ್ಯವಾಗಿ ಪಾಶ್ಚಾತ್ಯ ಶ್ರುತಿಗೆ ಅಳತೆ ಮಾಡಿ ತಯಾರಿಸುತ್ತಾರೆ. ಅಲ್ಲಿ ಮೇಲಿನ ತಂತಿ ಸೆಕೆಂಡಿಗೆ ಸುಮಾರು 660 ಸಲ ಕಂಪಿಸಬೇಕು. ಕರ್ನಾಟಕ ಸಂಗೀತದಲ್ಲಿ ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸುವುದಲ್ಲದೆ, ಹಾಡುವವರ ಶಾರೀರಕ್ಕೆ ತಕ್ಕಂತೆ ಇಳಿಸುವುದೂ ಉಂಟು. ಅದೇ ತಂತಿಯನ್ನು 440ಕ್ಕೆ ಇಳಿಸಿದರೆ ಕಂಪನಸಂಖ್ಯೆ ಮೂರರಲ್ಲಿ ಎರಡು ಪಾಲಾಯಿತು. ಬಿಗಿತವಾದರೋ ಅದರ ವರ್ಗದಂತೆ ಒಂಬತ್ತರಲ್ಲಿ ನಾಲ್ಕು ಪಾಲು, ಅಂದರೆ ಅರ್ಧಕ್ಕಿಂತ ಕಡಿಮೆ! ಸಡಿಲವಾದ ತಂತಿ ಕಮಾನಿನ ಒತ್ತಡಕ್ಕೆ ತಡವರಿಸುತ್ತದೆ, ಬೆರಳಿನಡಿ ಸ್ವರ ಜಾರುತ್ತದೆ. ಹೊರದೇಶದ ವಾದಕರು ಹೊಗಳಿದ ತಂತಿ ನಮ್ಮ ಮಕ್ಕಳ ಕೈಯಲ್ಲಿ ಪೇಲವವಾಗಿ ಕೇಳಿಸಿದರೆ ಕಾರಣ ಇದೂ ಇರಬಹುದು. ತಗ್ಗು ಶ್ರುತಿಗೆ ತುಸು ದಪ್ಪನೆಯ ತಂತಿ ಹಿಡಿಸುತ್ತದೆ. ಜೊತೆಗೆ, ಗಮಕಕ್ಕಾಗಿ ಬೆರಳು ಸದಾ ತಂತಿಯ ಮೇಲೆ ಜಾರುವುದರಿಂದ ಹೊರಗಿನ ಲೋಹದ ಸುತ್ತು ಬೇಗ ಸವೆಯುತ್ತದೆ.

ತಂತಿಗಳನ್ನೇ ಬದಲಿಸಿ ನಾದವನ್ನು ಮಾರ್ಪಡಿಸಿದ ದೊಡ್ಡ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ತಿರುಮಕೂಡಲು ಚೌಡಯ್ಯನವರು (1895–1967) ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಮೈಕಿನ ಅನುಕೂಲ ಇಲ್ಲದ ದಿನಗಳಲ್ಲಿ ಸಭೆಯ ಕೊನೆಯ ಸಾಲಿನವರಿಗೂ ನಾದ ಮುಟ್ಟಬೇಕೆಂಬುದು ಅವರ ಉದ್ದೇಶವಾಗಿತ್ತು. ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣ ಮಲ್ಲೇಶ್ವರದ ಬಳಿ ಇದೆ.

ಪಿಟೀಲಿನ ತಂತಿ ವಿಜ್ಞಾನಿಗಳನ್ನೂ ಸೆಳೆದಿದೆ. ಸರ್ ಸಿ.ವಿ. ರಾಮನ್ ಅವರು ಬೆಳಕಿನ ಚದುರುವಿಕೆಗೆ 1930ರ ನೊಬೆಲ್ ಪಡೆಯುವ ಎಷ್ಟೋ ಮುಂಚೆ, 1918ರಲ್ಲಿ, ಕಮಾನಿನಿಂದ ಎಳೆದ ತಂತಿಯ ಕಂಪನದ ಬಗ್ಗೆ ಕಲ್ಕತ್ತದಿಂದ ದೀರ್ಘ ಪ್ರಬಂಧ ಪ್ರಕಟಿಸಿದ್ದರು. ಕೈಯ ಬದಲು ಯಂತ್ರದಿಂದ ಪಿಟೀಲು ನುಡಿಸಿಯೂ ಅವರು ಪ್ರಯೋಗ ನಡೆಸಿದರು. ಕೈಯ ಒತ್ತಡ, ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಯಂತ್ರದ್ದು ಹಾಗಲ್ಲ. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ಇಲ್ಲೇ ಉಳಿದರು.

ಕೊಳ್ಳುವ ಮುನ್ನ

ರಾಮನ್ನರ ಯಂತ್ರ ಕಲಿಸುವ ಪಾಠ ಅಂಗಡಿಯಲ್ಲೂ ಅನ್ವಯಿಸುತ್ತದೆ. ಎರಡು ತಂತಿಗಳನ್ನು ಹೋಲಿಸುವಾಗ ಉಳಿದುದೆಲ್ಲ ಒಂದೇ ಇರಬೇಕು. ಅದೇ ಪಿಟೀಲು, ಅದೇ ಕಮಾನು, ಅದೇ ಶ್ರುತಿ, ನುಡಿಸುವ ಕೈಯೂ ಅದೇ. ಹಳೆಯ ಸವೆದ ತಂತಿಯನ್ನು ಹೊಸದರೊಡನೆ ಹೋಲಿಸಿ ಕಂಪನಿಯನ್ನು ಹೊಗಳುವುದು ತಪ್ಪು ಲೆಕ್ಕ. ಅಲ್ಲಿ ಗೆದ್ದದ್ದು ಕಂಪನಿಯಲ್ಲ, ಹೊಸತನ. ಹೊಸ ತಂತಿ ಹಿಗ್ಗಿ ನೆಲೆಗೊಳ್ಳಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಶ್ರುತಿ ಇಳಿಯುತ್ತಿದ್ದರೆ ಗಾಬರಿ ಬೇಡ.

ನಾಲ್ಕೂ ತಂತಿಗಳನ್ನು ಒಮ್ಮೆಲೇ ಬಿಚ್ಚಬಾರದು. ಬಿಗಿತ ಹೋದರೆ ಕುದುರೆ ಬೀಳುತ್ತದೆ. ಒಳಗೆ ನಿಂತಿರುವ ಪುಟ್ಟ ಮರದ ಕಂಬವೂ ಬಿದ್ದೀತು. ಆ ಕಂಬವನ್ನು ಫ್ರೆಂಚರು ‘ಆತ್ಮ’ ಎಂದೇ ಕರೆಯುತ್ತಾರೆ. ಕುದುರೆ ವಾಲಿದ್ದರೆ, ಕಂಬ ಸರಿದಿದ್ದರೆ, ಕಮಾನಿನ ಕೂದಲು ಸವೆದಿದ್ದರೆ ಎಷ್ಟು ದುಬಾರಿ ತಂತಿ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಆದ್ದರಿಂದ ರಿಪೇರಿ ಬಲ್ಲವರಿಗೆ ಅವನ್ನು ಮೊದಲು ತೋರಿಸುವುದು ಒಳ್ಳೆಯದು.

ಇನ್ನೊಂದು ಮಾತು. ಬೆವರು, ರಾಳದ ಪುಡಿ ಮೆತ್ತಿ, ಅಲ್ಲಲ್ಲಿ ಸವೆದ ತಂತಿಯ ಭಾರ ಉದ್ದಕ್ಕೂ ಸಮನಾಗಿರುವುದಿಲ್ಲ. ಅಂಥ ತಂತಿಯ ಮೇಲೆ ಬೆರಳು ಸರಿಯಾದ ಜಾಗದಲ್ಲಿ ಬಿದ್ದರೂ ಸ್ವರ ಸರಿಯಾಗಿ ಬರುವುದಿಲ್ಲ. ಮಗು ಮತ್ತೆ ಮತ್ತೆ ತಿದ್ದಿಕೊಳ್ಳಲು ಹೆಣಗುತ್ತದೆ. ಮನೆಯವರು ‘ನಿನಗೆ ಶ್ರುತಿಜ್ಞಾನವೇ ಇಲ್ಲ’ ಎನ್ನುತ್ತಾರೆ. ಆಮೇಲೆ ಪಿಟೀಲು ಅಟ್ಟ ಸೇರುತ್ತದೆ. ಇಂಥ ಮಾತು ಆಡುವ ಮುನ್ನ ತಂದೆತಾಯಿಯರು ಆ ತಂತಿ ಕಟ್ಟಿ ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲಿ. ದುಬಾರಿಯದಲ್ಲದಿದ್ದರೂ ಹೊಸದಾದ, ಶ್ರುತಿಗೆ ಒಪ್ಪುವ ಒಂದು ಜೊತೆ ತಂತಿ, ದಿನವೂ ನುಡಿಸಿದ ಮೇಲೆ ಒರೆಸಲು ಒಂದು ಒಣ ಬಟ್ಟೆ, ಇಷ್ಟಿದ್ದರೆ ಹೆಚ್ಚಿನ ಮಕ್ಕಳ ಅಭ್ಯಾಸ ಮುಂದೆ ಸಾಗುತ್ತದೆ.