ಗದ್ದಲದ ಜೋಗುಳ

ನನ್ನ ತಮ್ಮನಿಗೆ ಸದ್ದಿಲ್ಲದಿದ್ದರೆ ನಿದ್ದೆಯೇ ಹತ್ತುತ್ತಿರಲಿಲ್ಲ. ಎರಡು ತಿಂಗಳ ಕೂಸಾಗಿದ್ದಾಗಿನಿಂದ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲೇ ಮಲಗಿ ಬೆಳೆದವ. ಅಲ್ಲಿ ಅವ್ವ ಕಾಂಡಿ ತುಂಬುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಕಾಂಡಿ. ಎಷ್ಟು ತುಂಬಿದರೆ ಅಷ್ಟು ಕೂಲಿ. ತೊಲೆಗೆ ಹಳೇ ಸೀರೆಯ ಜೋಳಿಗೆ, ಅದರ ಹಗ್ಗ ಅವ್ವನ ಕಾಲಿನ ಹೆಬ್ಬೆರಳಿಗೆ. ಕೈ ಕಾಂಡಿಗೆ, ಕಾಲು ಕೂಸಿಗೆ. ಕರೆಂಟು ಹೋಗಿ ಮಗ್ಗ ನಿಂತವೋ, ತಮ್ಮ ಕಿಟಾರನೆ ಚೀರಿ ಏಳುತ್ತಿದ್ದ.

1983ರ ಮಾತು. ಮಾಲೀಕ ಒಂದಿನ, "ಮಗ್ಗದ ಪಟ್ಟಾದಾಗ ಕೂಸಿನ ಕೈ ಸಿಕ್ಕರ ಯಾರು ಹೊಣಿ? ನಾಳಿಂದ ತರಬ್ಯಾಡ" ಅಂದ. ಅವನ ಭಯವೂ ಸುಳ್ಳಲ್ಲ. ಹಾಗೆ ನೋಡಿದರೆ, ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಕೂಸುಗಳಿಗೊಂದು ಕೋಣೆ ಇರಬೇಕೆಂದು ಕಾಯ್ದೆಯಿತ್ತು. 1948ರಲ್ಲಿ ಐವತ್ತು ಅಂದಿದ್ದನ್ನು 1976ರಲ್ಲಿ ಮೂವತ್ತಕ್ಕೆ ಇಳಿಸಿದ್ದರು. ನಮ್ಮ ಶೆಡ್ಡಿನಲ್ಲಿದ್ದದ್ದು ಎಂಟು ಮಗ್ಗ, ಮೂವರು ಹೆಂಗಸರು. ಗಲ್ಲಿಗಲ್ಲಿಯಲ್ಲಿ ಇಂಥವೇ. ಊರೆಲ್ಲ ಸೇರಿದರೆ ಸಾವಿರಾರು ತಾಯಂದಿರು, ಒಂದು ಸೂರಿನಡಿ ಮೂವತ್ತು ಆಗುವುದೇ ಇಲ್ಲ!

ಅಪ್ಪನಿಗೆ ರಾತ್ರಿಪಾಳಿ, ನನಗೆ ನಾಲ್ಕನೇ ಇಯತ್ತೆ. ತಮ್ಮನನ್ನು ಗಡಹಿಂಗ್ಲಜದ ಆಯಿಯ ಹತ್ತಿರ ಬಿಡುವುದೆಂದಾಯಿತು. ಭಾನುವಾರ ಒಯ್ದೆವು. ಹಿರಣ್ಯಕೇಶಿ ದಂಡೆಯ ಆ ಮನೆಯಲ್ಲಿ ಇರುವೆ ಹರಿದರೂ ಕೇಳಬೇಕು, ಅಷ್ಟು ಮೌನ. ಅವನು ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಆಯಿ, "ರೂಢಿ ಆಗ್ತದ, ನೀ ಹೋಗವ್ವ" ಅಂದಳು.

ಬಸ್ಸಿನಲ್ಲಿ ಅವ್ವ ಮಾತಾಡಲಿಲ್ಲ. ಕೊಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿದಾಗ ನೋಡುತ್ತೇನೆ, ಕುಪ್ಪಸ ಎದೆಯ ಮೇಲೆಲ್ಲ ತೊಯ್ದಿತ್ತು. ಸೆರಗು ಎಳೆದಳು, ಸೆರಗೂ ತೊಯ್ಯಿತು. ಇಚಲಕರಂಜಿಯ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅವ್ವ ಗಂಟಿನ ಚಿಲ್ಲರೆ ಎರಡು ಸಲ ಎಣಿಸಿ, ನನ್ನ ಕೈ ಹಿಡಿದು, ಬಂದ ದಾರಿಯ ಬಸ್ಸನ್ನೇ ಮತ್ತೆ ಹತ್ತಿದಳು.

ಮುಟ್ಟಿದಾಗ ಹೊತ್ತು ಇಳಿದಿತ್ತು. ಮನೆಗೆ ಬೀಗ. ಅವ್ವನ ಮುಖದಲ್ಲಿ ರಕ್ತವಿಲ್ಲ. ಪಕ್ಕದ ಮನೆಯಾಕೆ ಓಣಿಯ ತುದಿಗೆ ಬೆರಳು ತೋರಿಸಿದಳು. ಅಲ್ಲಿ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಆಯಿ ಕೂತಿದ್ದಾಳೆ, ತಲೆಯೆಲ್ಲ ಹಿಟ್ಟು. ತೊಡೆಯ ಮೇಲೆ ತಮ್ಮ ಬಾಯಿ ತೆರೆದು ಗಾಢ ನಿದ್ದೆಯಲ್ಲಿ.

"ಹಾಲು ಕೊಟ್ಟೆ, ಒಲ್ಲೆ ಅಂದ. ಹಾಡು ಹಾಡ್ದೆ, ಒಲ್ಲೆ ಅಂದ. ಇಲ್ಲಿ ಬಂದ್ ಕೂಡ್ಲೆ ಮಕ್ಕೊಂಡ ನೋಡು!"

ಗಿರಣಿಯವ ಕೊನೆಯ ಪಾಯಲಿ ಜೋಳ ಬೀಸಿ ಪಟ್ಟಾ ಇಳಿಸಿದ. ತಮ್ಮ ಚೀರಿ ಎದ್ದ. ಅಷ್ಟರೊಳಗೆ ಅವ್ವ ಕಟ್ಟೆಯ ಮೇಲೆ ಕೂತು, ಸೆರಗು ಹೊದ್ದು, ಕೈ ಚಾಚಿದ್ದಳು.